ಗೆದ್ದೆವು, ಸೋತರು

ಕನ್ನಡದಲ್ಲಿ ಸುಳ್ಳು ಹೇಳುವುದು ಸುಲಭ, ಯಾರ ಕಡೆಯವರು ಎಂಬುದನ್ನು ಮುಚ್ಚಿಡುವುದು ಕಷ್ಟ. ‘ನಾವು’, ‘ಅವರು’ ಎಂಬ ಪದಗಳನ್ನು ನುಂಗಿಕೊಂಡರೂ ಕ್ರಿಯಾಪದದ ಬಾಲ ಎಲ್ಲವನ್ನೂ ಒದರಿಬಿಡುತ್ತದೆ. ನಾನು ಸಿಕ್ಕಿಬಿದ್ದದ್ದು ಹಾಗೆ. 2024ರ ಸೆಪ್ಟೆಂಬರ್ 28ರಂದು ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಇಂಡಿಯನ್ ಸೂಪರ್ ಲೀಗಿನಲ್ಲಿ ಕೋಲ್ಕತ್ತದ ಮೋಹನ್ ಬಾಗನ್ ಎದುರು ಮೂರು ಗೋಲು ಹೊಡೆದಿತ್ತು. ಬ್ಯಾಂಕಿನ ಸಹೋದ್ಯೋಗಿಗೆ ಫೋನಿನಲ್ಲಿ ‘ಮೂರು–ಸೊನ್ನೆಯಿಂದ ಗೆದ್ದೆವು’ ಎಂದೆ. ನವೆಂಬರ್ 2ರಂದು, ದೀಪಾವಳಿಯ ಗಲಾಟೆಯ ನಡುವೆ, ತಂಡ ಗೋವಾದಲ್ಲಿ ಅದೇ ಮೂರು ಗೋಲು ತಿಂದಿತು. ಅದೇ ಸಹೋದ್ಯೋಗಿ ಕೇಳಿದಾಗ ‘ಸೋತರು’ ಎಂದೆ. ಮಗಳು ಅಡುಗೆಮನೆಯಿಂದಲೇ ಕೂಗಿದಳು: ‘ಅಪ್ಪಾ, ಗೆದ್ದರೆ ನಾವು, ಸೋತರೆ ಅವರಾ?’

ನನ್ನ ಸಮರ್ಥನೆಗೆ ಕಾರಣವಿತ್ತು. ನಾನು ಮಂಡ್ಯದವನು. ಬೆಂಗಳೂರು ಎಂಬ ಹೆಸರಿನೊಂದಿಗೆ ‘ನಮ್ಮ’ ಎಂಬ ಪದವನ್ನು ಅಂಟಿಸುವುದು ಇಲ್ಲಿನವರಿಗೆ ಅಷ್ಟು ಸಲೀಸಲ್ಲ. ಆ ಊರು ಕುಡಿಯುವ ಕಾವೇರಿ ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪಾಗಿ ಮೇಲಕ್ಕೆ ಹೋಗುತ್ತದೆ. ನಾನು ಹೇಳುತ್ತಿರುವ ಈ ಋತುವಿನ ನಡುವೆಯೇ, ಅಕ್ಟೋಬರ್ 16ರಂದು, ಐದನೇ ಹಂತದ ಯೋಜನೆಗೂ ಅಲ್ಲಿ ಚಾಲನೆ ಸಿಕ್ಕಿತು. ನೀರಿನ ಹಿಂದೆಯೇ ನಮ್ಮ ಮಕ್ಕಳೂ ಹೋಗುತ್ತಾರೆ. ಓದು ಮುಗಿಸಿದವರಲ್ಲಿ ಮುಕ್ಕಾಲು ಪಾಲು ವಿಳಾಸ ಬದಲಿಸಿಯೇ ಮದುವೆಯ ಕರೆಯೋಲೆ ಕಳಿಸುವುದು. ಹೀಗಿರುವಾಗ ಆ ಊರಿನ ಹೆಸರು ಹೊತ್ತ ನೀಲಿ ಅಂಗಿಯನ್ನು ತೊಟ್ಟು ಗಂಟಲು ಹರಿದುಕೊಳ್ಳಬೇಕೆಂದರೆ ಮನಸ್ಸು ಸ್ವಲ್ಪ ಸತಾಯಿಸುತ್ತದೆ.

ಇನ್ನೊಂದು ಮಾತು, ನಾನು ಫುಟ್‌ಬಾಲಿನವನೂ ಅಲ್ಲ. ನನ್ನದು ಕಬಡ್ಡಿ. ವಯಸ್ಸಿನಲ್ಲಿ ತಾಲ್ಲೂಕು ಮಟ್ಟದವರೆಗೆ ಆಡಿದ್ದೇನೆ, ಈಗಲೂ ಎಡ ಮಂಡಿ ಮಳೆಗಾಲದಲ್ಲಿ ಅದನ್ನು ನೆನಪಿಸುತ್ತದೆ. ಫುಟ್‌ಬಾಲಿನ ಹುಚ್ಚು ಮಗಳದು. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಳು. ರಾತ್ರಿ ಪಂದ್ಯಕ್ಕೆ ಒಬ್ಬಳೇ ಹೋಗುತ್ತೇನೆಂದಾಗ ಅವಳ ತಾಯಿ, ‘ನಿಮ್ಮಪ್ಪನನ್ನು ಕರೆದುಕೊಂಡು ಹೋಗು’ ಎಂದು ಕಡ್ಡಿ ಮುರಿದಂತೆ ಹೇಳಿದಳು. ಅಲ್ಲಿಗೆ ನಾನು ಅಭಿಮಾನಿಯಾದೆ. ನೇಮಕಾತಿ ಆದೇಶ ಅಡುಗೆಮನೆಯಿಂದ ಬಂತು.

ಮೊದಲ ಪಂದ್ಯ ಸೆಪ್ಟೆಂಬರ್ 14ರಂದು, ಈಸ್ಟ್ ಬೆಂಗಾಲ್ ವಿರುದ್ಧ. ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ರೈಲ್ವೆ ನಿಲ್ದಾಣದ ಹತ್ತಿರದ ಸ್ಟ್ಯಾಂಡಿನಲ್ಲಿ ಸ್ಕೂಟರ್ ಬಿಟ್ಟು ಮಧ್ಯಾಹ್ನದ ರೈಲು ಹತ್ತಿದೆವು. ಬೆಂಗಳೂರು ಮುಖ್ಯ ನಿಲ್ದಾಣದವರೆಗೆ ಹೋಗುವುದು ದಡ್ಡತನ ಎಂದು ಮಗಳು ಆಗಲೇ ಲೆಕ್ಕ ಹಾಕಿದ್ದಳು. ಕೆಂಗೇರಿಯಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ಬದಲಾಯಿಸುವ ತಾಪತ್ರಯವಿಲ್ಲದೆ ಕಬ್ಬನ್ ಪಾರ್ಕ್. ದಾರಿಯಲ್ಲಿ ಹೊಸಹಳ್ಳಿ ನಿಲ್ದಾಣಕ್ಕೆ ನಮ್ಮ ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿದೆ. ಅದನ್ನು ಕೇಳಿದಾಗಲೆಲ್ಲ ನನಗೆ ಊರಿನವರು ಯಾರೋ ಮೆಟ್ರೊ ಹತ್ತಿ ಎದುರು ಕುಳಿತಂತೆ ಸಮಾಧಾನವಾಗುತ್ತಿತ್ತು.

ಕಂಠೀರವ ಕ್ರೀಡಾಂಗಣ ಇರುವುದು ಹಳೆಯ ಸಂಪಂಗಿ ಕೆರೆಯ ಅಂಗಳದಲ್ಲಿ. ಕರಗದ ವಿಧಿಗೆಂದು ಉಳಿಸಿಕೊಂಡ ಪುಟ್ಟ ಕೊಳವೊಂದನ್ನು ಬಿಟ್ಟರೆ ಕೆರೆಯ ಗುರುತಿಲ್ಲ. ಇದ್ದ ಕೆರೆಯನ್ನು ಒಣಗಿಸಿ ಆಟದ ಬಯಲು ಮಾಡಿಕೊಂಡು, ಆಮೇಲೆ ಕುಡಿಯುವುದಕ್ಕೆ ನಮ್ಮ ಕಡೆ ನೋಡಿದವರು ಎಂದು ಮೊದಲ ದಿನ ಒಳಗೆ ಕಾಲಿಡುವಾಗ ಗೊಣಗಿದ್ದೆ. ‘ಕಂಠೀರವ ಯಾರು ಅಪ್ಪಾ?’ ಎಂದು ಮಗಳು ಬೇಕೆಂದೇ ಕೇಳಿದಳು. ಮಂಡ್ಯದವನಿಗೆ ಆ ಹೆಸರು ಕೇಳಿದರೆ ನೆನಪಾಗುವುದು 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು. ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿ ಬಂದರು ಎಂಬ ಕಥೆಯನ್ನು ಚಿಕ್ಕಂದಿನಲ್ಲಿ ನಾನೇ ಅವಳಿಗೆ ಹೇಳಿದ್ದೆ. ‘ಹೊರಗಿನ ಮೈದಾನದಲ್ಲಿ ಗೆದ್ದ ಮೊದಲ ತಂಡ’ ಎಂದಳು. ನಕ್ಕೆ. ಗೊಣಗಾಟ ಅಲ್ಲಿಗೆ ಅರ್ಧ ಇಳಿಯಿತು.

ನಾವು ನಿಂತದ್ದು ಪಶ್ಚಿಮದ ಸ್ಟ್ಯಾಂಡಿನಲ್ಲಿ. ನಿಂತದ್ದು ಎಂದೇ ಹೇಳಬೇಕು, ಅಲ್ಲಿ ಯಾರೂ ಕುಳಿತುಕೊಳ್ಳುವುದಿಲ್ಲ. 2013ರಲ್ಲಿ ಕ್ಲಬ್ ಹುಟ್ಟಿದಾಗಲೇ ಅದರ ಜೊತೆ ಹುಟ್ಟಿದ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಬಳಗದ ಜಾಗ ಅದು. ಡೋಲು, ಬಾವುಟ, ಕೊರಳಿಗೆ ನೀಲಿ ಶಾಲು. ಮೊದಲ ದಿನ ನನ್ನ ಕಣ್ಣು ಆಟಕ್ಕಿಂತ ಹೆಚ್ಚಾಗಿ ಒಬ್ಬ ಹುಡುಗನ ಮೇಲಿತ್ತು. ಮುಂದಿನ ಕಟಕಟೆಯ ಹತ್ತಿರ, ಮೈದಾನಕ್ಕೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ನಿಂತಿದ್ದ. ಕೂಗು ಎತ್ತಿಕೊಡುವುದು ಅವನ ಕೆಲಸ. ಚೆಂಡು ಎಲ್ಲಿದೆ ಎಂದು ತಿರುಗಿಯೂ ನೋಡುತ್ತಿರಲಿಲ್ಲ. ಪಂದ್ಯವನ್ನು ಅವನು ನೋಡುತ್ತಿದ್ದುದು ನಮ್ಮ ಮುಖಗಳಲ್ಲಿ. ನಮ್ಮ ಬಾಯಿ ತೆರೆದರೆ ಅವಕಾಶ ಬಂದಿದೆ, ಕೈ ತಲೆಗೆ ಹೋದರೆ ತಪ್ಪಿದೆ. ಟಿಕೆಟ್ ಕೊಂಡು ಬಂದು ಆಟವನ್ನೇ ನೋಡದವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೋಬಾನೆಯಲ್ಲಿ ಮುಂದೆ ಹೇಳುವ ಅಜ್ಜಿಯೂ ಹೀಗೆಯೇ, ಮದುಮಗಳ ಕಡೆ ನೋಡುವುದಕ್ಕಿಂತ ಹಿಂದೆ ಹೇಳುವವರ ಕಡೆ ನೋಡುವುದೇ ಹೆಚ್ಚು.

25ನೇ ನಿಮಿಷದಲ್ಲಿ ವಿನೀತ್ ವೆಂಕಟೇಶ್ ಎಂಬ ಎಳೆಯ ಹುಡುಗ, ಬೆಂಗಳೂರಿನವನೇ, ಗೋಲು ಹೊಡೆದ. ಪಂದ್ಯದ ಏಕೈಕ ಗೋಲು. ನನ್ನ ಮುಂದಿನ ಸಾಲಿನ ಅಪರಿಚಿತ ತಿರುಗಿ ನನ್ನನ್ನು ಅಪ್ಪಿಕೊಂಡ. ಬೆವರಿನಲ್ಲಿ ತೊಯ್ದ ಮನುಷ್ಯ. ಬಿಟ್ಟ ಮೇಲೆ ಇಬ್ಬರಿಗೂ ನಾಚಿಕೆಯಾಗಿ ಮುಖ ಬೇರೆ ಕಡೆ ತಿರುಗಿಸಿಕೊಂಡೆವು.

ಹಾಡುಗಳ ಬಗ್ಗೆ ನನಗೊಂದು ತಕರಾರು ಇದೆ, ಈಗಲೂ ಇದೆ. ಬಹುಪಾಲು ಧಾಟಿ ಯುರೋಪಿನ ಮೈದಾನಗಳದ್ದು, ಪದಗಳು ಹೆಚ್ಚಾಗಿ ಇಂಗ್ಲಿಷಿನವು. ಪಂದ್ಯ ಮುಗಿದ ಮೇಲೆ ಆಟಗಾರರು ಪಶ್ಚಿಮದ ಸ್ಟ್ಯಾಂಡಿನ ಎದುರು ಸಾಲಾಗಿ ನಿಲ್ಲುತ್ತಾರೆ. ಎಲ್ಲರೂ ಕೈ ಮೇಲೆತ್ತಿ ಡೋಲಿನ ಪೆಟ್ಟಿಗೆ ಒಂದೊಂದೇ ಚಪ್ಪಾಳೆ ಹೊಡೆಯುತ್ತಾ ಬರಬರುತ್ತ ವೇಗ ಹೆಚ್ಚಿಸುತ್ತಾರೆ. 2016ರ ಯೂರೊ ಕಪ್‌ನಲ್ಲಿ ಐಸ್‌ಲೆಂಡ್‌ನವರು ಲೋಕಕ್ಕೆಲ್ಲ ಪರಿಚಯಿಸಿದ ಚಪ್ಪಾಳೆ ಅದು. ‘ನಮ್ಮ ಮಾರಿಹಬ್ಬದ ತಮಟೆಯವರನ್ನು ತಂದು ನಿಲ್ಲಿಸಿದರೆ ಐಸ್‌ಲೆಂಡ್ ಕರಗಿ ನೀರಾಗುತ್ತದೆ’ ಎಂದೆ. ಮಗಳಿಗೆ ನಗು ಬರಲಿಲ್ಲ. ಆದರೆ ಒಂದನ್ನು ಒಪ್ಪಬೇಕು. ಕ್ರಿಕೆಟ್ಟಿನಲ್ಲಿ ಧ್ವನಿವರ್ಧಕ ಹೇಳಿದಾಗ ಜನ ಕೂಗುವುದನ್ನು ನೋಡಿದ್ದೇನೆ. ಇಲ್ಲಿ ಎದುರಾಳಿ ಚೆನ್ನಾಗಿ ಆಡುತ್ತಿರುವಾಗ, ನಮ್ಮವರು ಸುಸ್ತಾಗಿರುವಾಗ, ಕೂಗುವುದಕ್ಕೆ ಏನೂ ಕಾರಣವಿಲ್ಲದಿರುವಾಗಲೇ ಕೂಗು ಜೋರಾಗುತ್ತದೆ.

ಆ ರಾತ್ರಿ ಮಾಡಿದ ತಪ್ಪು ನನ್ನದೇ. ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಮೈಸೂರಿನ ಫಲಕ ಕಂಡ ಮೊದಲ ಬಸ್ಸಿಗೆ ನುಗ್ಗಿದೆ. ಹೊಸ ಹೆದ್ದಾರಿ ಬಂದ ಮೇಲೆ ಮಂಡ್ಯ ದಾರಿಯಲ್ಲಿನ ಊರಾಗಿ ಉಳಿದಿಲ್ಲ, ದಾರಿಯ ಪಕ್ಕದ ಊರಾಗಿದೆ. ಕಂಡಕ್ಟರ್ ಮಗಳ ಆಧಾರ್ ನೋಡಿ ಶೂನ್ಯ ದರದ ಟಿಕೆಟ್ ಹರಿದು, ನನ್ನ ಕೈಯಿಂದ ಹಣ ಪಡೆದು, ‘ಊರೊಳಗೆ ಹೋಗುವುದಿಲ್ಲ, ಬೈಪಾಸ್‌ನಲ್ಲಿ ಇಳಿದುಕೊಳ್ಳಬೇಕು’ ಎಂದ. ಇಳಿದಾಗ ಹನ್ನೆರಡೂವರೆ. ಎರಡೂ ಕಡೆ ಕಬ್ಬು. ಯಾವುದೋ ಆಲೆಮನೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು, ಮನುಷ್ಯರ ಸದ್ದಿಲ್ಲ. ಮೊಬೈಲ್ ಬೆಳಕಿನಲ್ಲಿ ನಡೆದೆವು. ನಾಯಿಗಳು ಬೊಗಳಿದಾಗ ಮಗಳು ಡೋಲಿನ ಲಯದಲ್ಲಿ ಚಪ್ಪಾಳೆ ತಟ್ಟಿದಳು, ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ. ನಾಯಿಗಳು ಗೊಂದಲಕ್ಕೆ ಬಿದ್ದು ಹಿಂದೆ ಸರಿದವು. ಐಸ್‌ಲೆಂಡಿನ ಉಪಯೋಗ ನನಗೆ ತಿಳಿದದ್ದು ಆಗ.

ಸ್ಕೂಟರ್ ಸ್ಟ್ಯಾಂಡಿನವನು ಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡು ಮಲಗಿದ್ದ. ಎಬ್ಬಿಸಿದ್ದಕ್ಕೆ ಬೈಯಲಿಲ್ಲ. ಮಗಳ ಕೊರಳಿನ ಶಾಲು ನೋಡಿ, ಎಲ್ಲಿಂದ ಬಂದೆವೆಂದು ಕೇಳಿ, ಗೇಟು ತೆಗೆಯುತ್ತಾ ಕೇಳಿದ: ‘ಗೆದ್ದಿರಾ ಸಾರ್?’

ಅವನು ‘ಗೆದ್ದರಾ’ ಎನ್ನಬಹುದಿತ್ತು.

ಆಮೇಲೆ ದಾರಿ ರೂಢಿಯಾಯಿತು. ಊರೊಳಗೆ ಬರುವ ಕೆಂಪು ಬಸ್ ಎಷ್ಟು ಹೊತ್ತಿಗೆ ಹೊರಡುತ್ತದೆ, ಮೆಟ್ರೊದ ಯಾವ ಬೋಗಿ ಹತ್ತಿದರೆ ಮೆಟ್ಟಿಲಿನ ಎದುರೇ ಇಳಿಯಬಹುದು ಎಂಬುದೆಲ್ಲ ಬಾಯಿಪಾಠ. ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿತು, ಫೆಬ್ರುವರಿಯಲ್ಲಿ ಮೆಟ್ರೊ ದರವೂ ಏರಿತು. ಬಸ್ಸಿನಲ್ಲಿ ಮಗಳಿಗೆ ಮಾತ್ರ ಹಳೆಯ ದರವೂ ಹೊಸ ದರವೂ ಒಂದೇ, ಸೊನ್ನೆ. ಬುತ್ತಿ ಕಟ್ಟಿಕೊಂಡು ಹೋಗುವುದನ್ನೂ ಕಲಿತೆವು. ಒಳಗೆ ಬಿಡುವುದಿಲ್ಲವಾದ್ದರಿಂದ ಕೆಂಗೇರಿಯಲ್ಲೇ ಪ್ಲಾಟ್‌ಫಾರಂ ಮೇಲೆ ಕುಳಿತು ಚಿತ್ರಾನ್ನ ಮುಗಿಸುತ್ತಿದ್ದೆವು.

ಡಿಸೆಂಬರ್ 7, ಕೇರಳ ಬ್ಲಾಸ್ಟರ್ಸ್ ಪಂದ್ಯ. ಈ ಎರಡು ತಂಡಗಳ ಜಗಳಕ್ಕೆ ಹಿನ್ನೆಲೆ ಇದೆ. 2023ರ ಮಾರ್ಚ್ 3ರಂದು ಇದೇ ಮೈದಾನದ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಅಡ್ಡ ನಿಂತು ಗೋಡೆ ಕಟ್ಟುವ ಮೊದಲೇ ಬೆಂಗಳೂರಿನ ಸುನಿಲ್ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ಗೋಲು ಒಪ್ಪದ ಬ್ಲಾಸ್ಟರ್ಸ್ ಆಟ ಬಿಟ್ಟು ಹೊರನಡೆದರು. ಸರಿ ಯಾರು, ತಪ್ಪು ಯಾರು ಎಂದು ನನ್ನನ್ನು ಕೇಳಬೇಡಿ. ಕಬಡ್ಡಿಯಲ್ಲಾದರೆ ಎದುರಾಳಿ ಸಿದ್ಧನಾಗಲಿ ಎಂದು ಯಾರೂ ಕಾಯುವುದಿಲ್ಲ. ಆ ಫ್ರೀ ಕಿಕ್‌ನ ಮರುದಿನವೇ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮೊದಲಿನ ನಾಲ್ಕು ಗೆಲುವುಗಳ ಮೇಲಿರುವ ಹೆಸರು ಕರ್ನಾಟಕ ಅಲ್ಲ, ಮೈಸೂರು. 1968–69ರಲ್ಲಿ ರಾಜ್ಯದ ಹೆಸರೇ ಅದಾಗಿತ್ತು. ಆಡಿದವರು ಹೆಚ್ಚಾಗಿ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರು, ಕಪ್ಪಿನ ಮೇಲೆ ಮಾತ್ರ ಮೈಸೂರು. ಆಗ ಯಾರೂ ತಕರಾರು ತೆಗೆಯಲಿಲ್ಲ. ಹಾಗಿದ್ದ ಮೇಲೆ ಬೆಂಗಳೂರಿನ ಹೆಸರಿನಲ್ಲಿ ಮಂಡ್ಯದವನೊಬ್ಬ ಕೂಗಿದರೆ ಲೆಕ್ಕ ಸರಿಹೋಯಿತು ಎಂದು ಆ ದಿನ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ.

ಮೊದಲ ಶನಿವಾರವಾದ್ದರಿಂದ ಬ್ಯಾಂಕ್ ಮುಗಿಸಿ ಹೊರಟು, ಕ್ರೀಡಾಂಗಣದ ಗೇಟಿಗೆ ತಲುಪುವಷ್ಟರಲ್ಲಿ ಏಳೂವರೆ ದಾಟಿತ್ತು. ತಪಾಸಣೆಯವನು ನನ್ನ ಜೇಬಿನ ಚಿಲ್ಲರೆಯನ್ನು ಎಣಿಸಿದಂತೆ ಒಂದೊಂದಾಗಿ ತೆಗೆಸುತ್ತಿದ್ದಾಗ ಒಳಗಿನಿಂದ ಸದ್ದು ಬಂತು. ಗೋಲಿನ ಸದ್ದನ್ನು ಹೊರಗಿನಿಂದ ಕೇಳುವುದು ಬೇರೆಯೇ ಅನುಭವ. ಮೊದಲು ಒಂದು ಉಸಿರು ಒಳಗೆಳೆದಂತೆ ನಿಶ್ಶಬ್ದ, ಆಮೇಲೆ ಕಾಂಕ್ರೀಟಿನ ಒಳಗಿಂದ ಗುಡುಗು. ಯಾವ ಕಡೆಯ ಗೋಲು ಎಂದು ತಿಳಿಯದೆ ಮಗಳು ನನ್ನ ತೋಳು ಹಿಡಿದಳು. ಮಲಯಾಳಿಗಳೂ ಕಡಿಮೆ ಸಂಖ್ಯೆಯಲ್ಲಿ ಬಂದಿರಲಿಲ್ಲ, ಎದುರಿನ ಸ್ಟ್ಯಾಂಡ್ ಹಳದಿಯಾಗಿತ್ತು. ತಪಾಸಣೆಯವನೇ ಹೇಳಿದ, ‘ಹೋಗಿ ಹೋಗಿ, ಚೆಟ್ರಿ.’

ನಲವತ್ತು ವರ್ಷದ ಮನುಷ್ಯ ಆ ರಾತ್ರಿ ಮೂರು ಗೋಲು ಹೊಡೆದರು. ಎರಡರಿಂದ ಮುಂದಿದ್ದವರನ್ನು ಕೇರಳದವರು ಎರಡು–ಎರಡಕ್ಕೆ ತಂದು ನಿಲ್ಲಿಸಿದ್ದರು. 73ನೇ ನಿಮಿಷದಲ್ಲಿ ಚೆಟ್ರಿ ಮತ್ತೆ ಮುನ್ನಡೆ ಕೊಟ್ಟು, ಗಾಯದ ಅವಧಿಯೂ ಮುಗಿಯುವ ಹೊತ್ತಿಗೆ ಹ್ಯಾಟ್ರಿಕ್ ಪೂರೈಸಿದರು. 4–2. ಅದೇ ವರ್ಷದ ಜೂನ್‌ನಲ್ಲಿ ರಾಷ್ಟ್ರೀಯ ತಂಡದಿಂದ ನಿವೃತ್ತರಾಗಿದ್ದವರು. ನನ್ನ ಪ್ರಾಯಕ್ಕಿಂತ ಹತ್ತು ವರ್ಷ ಚಿಕ್ಕವರು, ಆದರೂ ಆ ಓಟ ನೋಡುವಾಗ ನನ್ನ ಎಡ ಮಂಡಿಯೂ ಒಂದು ಕ್ಷಣ ನೋವು ಮರೆತಿತ್ತು. ವಾಪಸ್ ಬರುವ ಬಸ್ಸಿನಲ್ಲಿ ಸ್ವೆಟರಿನ ಕೆಳಗೆ ಹಳದಿ ಅಂಚು ಕಾಣಿಸುತ್ತಿದ್ದ ಹುಡುಗನೊಬ್ಬ ಪಕ್ಕಕ್ಕೆ ಕುಳಿತ. ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿರುವ ಕೇರಳದವನು. ಮಗಳು ಶಾಲನ್ನು ಮಡಚಿ ಚೀಲದಲ್ಲಿಟ್ಟಳು. ಅದು ಮರ್ಯಾದೆ ಎಂದು ಅವಳು ಹೇಳದಿದ್ದರೂ ಅವನಿಗೆ ತಿಳಿಯಿತು. ರಾಮನಗರ ದಾಟುವ ಹೊತ್ತಿಗೆ ಇಬ್ಬರೂ 2023ರ ಫ್ರೀ ಕಿಕ್ ಬಗ್ಗೆ ಕನ್ನಡದಲ್ಲೇ ಕಚ್ಚಾಡುತ್ತಿದ್ದರು.

ಸಂಕ್ರಾಂತಿಗೆ ಮೂರು ದಿನ ಮುಂಚೆ, ಜನವರಿ 11ರಂದು, ಮೊಹಮ್ಮಡನ್ ಸ್ಪೋರ್ಟಿಂಗ್ ಬಂತು. ಆ ವರ್ಷವಷ್ಟೇ ಲೀಗಿಗೆ ಬಡ್ತಿ ಪಡೆದ ತಂಡ, ಋತು ಮುಗಿದಾಗ ಪಟ್ಟಿಯ ಕೊನೆಯಲ್ಲಿ ಕುಳಿತ ತಂಡ. ಅವರನ್ನು ಸೋಲಿಸುವುದಕ್ಕೆ ನಾನು ಬರಲೇಬೇಕಿತ್ತೇ ಎಂದು ಬೆಳಿಗ್ಗೆ ಹೆಂಡತಿಯ ಎದುರು ಜಂಬ ಕೊಚ್ಚಿದ್ದೆ. 88ನೇ ನಿಮಿಷದಲ್ಲಿ ಅವರ ಕಾಸಿಮೊವ್ ಒದ್ದ ಫ್ರೀ ಕಿಕ್ ನಮ್ಮ ಬಲೆಗೆ ಬಿತ್ತು. ಆ ಪಂದ್ಯದಲ್ಲಿ ಬೇರೇನೂ ಆಗಲಿಲ್ಲ, ಹೇಳುವುದಕ್ಕೂ ಇಲ್ಲ. ಆಟಗಾರರು ತಲೆ ತಗ್ಗಿಸಿ ಪಶ್ಚಿಮದ ಸ್ಟ್ಯಾಂಡಿನ ಕಡೆ ಬಂದರು. ಬೆನ್ನು ಹಾಕಿ ನಿಲ್ಲುವ ಆ ಹುಡುಗ ಅಂದು ಮೊದಲ ಬಾರಿಗೆ ಮೈದಾನದ ಕಡೆ ತಿರುಗಿ, ನಮ್ಮಂತೆಯೇ ಸುಮ್ಮನೆ ನಿಂತು ಚಪ್ಪಾಳೆ ತಟ್ಟಿದ.

ಮಂಡ್ಯದಲ್ಲಿ ಚಳಿ. ಸ್ಟ್ಯಾಂಡಿನವನು ಮಫ್ಲರಿನಿಂದ ಮುಖ ಹೊರಗೆ ಹಾಕಿ, ‘ಗೆದ್ದಿರಾ ಸಾರ್?’ ಎಂದ. ‘ಇಲ್ಲಪ್ಪ, ಸೋತೆವು’ ಎಂದೆ. ಸ್ಕೂಟರ್ ಒದೆಯುವಾಗ ಮಗಳು ಹಿಂದಿನಿಂದ ಏನೋ ಹೇಳಬಹುದು ಎಂದು ಕಾಯುತ್ತಿದ್ದೆ. ಅವಳು ನಿದ್ದೆಗಣ್ಣಿನಲ್ಲಿ ನನ್ನ ಬೆನ್ನಿಗೆ ಒರಗಿದ್ದಳು, ಕೇಳಿಸಿಕೊಂಡಳೋ ಇಲ್ಲವೋ.

ಋತುವಿನ ಅತ್ಯುತ್ತಮ ಪಂದ್ಯವನ್ನು ನಾನು ನೋಡಲಿಲ್ಲ. 38 ಅಂಕಗಳೊಂದಿಗೆ ಮೂರನೇ ಸ್ಥಾನ ಪಡೆದ ತಂಡಕ್ಕೆ ಮಾರ್ಚ್ 29ರಂದು ಮನೆಯಂಗಳದಲ್ಲೇ ಮುಂಬೈ ಸಿಟಿ ವಿರುದ್ಧ ನಾಕೌಟ್. ಸಹಕಾರ ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ಮಾರ್ಚ್ 29 ಎಂದರೇನು ಎಂದು ಯಾರಿಗಾದರೂ ವಿವರಿಸಬೇಕೇ? ಬೆಳೆ ಸಾಲದ ನವೀಕರಣಕ್ಕೆ ರೈತರು ಸಾಲುಗಟ್ಟಿದ್ದರು. ರಾತ್ರಿ ಒಂಬತ್ತರವರೆಗೆ ಲೆಡ್ಜರಿನ ಎದುರು ಕುಳಿತಿದ್ದೆ. ಮಗಳು ಗೆಳತಿಯರೊಂದಿಗೆ ಹೋಗಿದ್ದಳು. ಮೇಜಿನ ಮೇಲಿದ್ದ ಮೊಬೈಲ್ ಒಂದೊಂದು ಗೋಲಿಗೂ ಒಮ್ಮೆ ನಡುಗುತ್ತಿತ್ತು. ಐದು ಬಾರಿ ನಡುಗಿತು. ಐದು–ಸೊನ್ನೆ. ಅಂದಿನ ಲೆಕ್ಕ ತಾಳೆಯಾಗಲು ಮತ್ತೊಂದು ಗಂಟೆ ಹಿಡಿಯಿತು, ಕಾರಣ ನಾನೇ.

ಏಪ್ರಿಲ್ 2ರ ಸೆಮಿಫೈನಲ್‌ಗೆ ಅರ್ಧ ದಿನ ರಜೆ ಹಾಕಿ ಹೋದೆ, ಗೋವಾ ವಿರುದ್ಧ 2–0. ನಾಲ್ಕು ದಿನಗಳ ನಂತರ ಗೋವಾದಲ್ಲಿ ಅವರು ಎರಡನ್ನೂ ತೀರಿಸಿದರು. ಇನ್ನೇನು ಹೆಚ್ಚುವರಿ ಅವಧಿ ಎನ್ನುವಾಗ ಚೆಟ್ರಿ ತಲೆ ಕೊಟ್ಟರು. ಎರಡು ಪಂದ್ಯಗಳ ಒಟ್ಟು 3–2. ನಮ್ಮ ಮನೆಯ ಸದ್ದಿಗೆ ಪಕ್ಕದ ಮನೆಯ ಅಜ್ಜಿ ಯಾರಿಗೆ ಏನಾಯಿತೋ ಎಂದು ಬಾಗಿಲು ತಟ್ಟಿದರು.

ಫೈನಲ್ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ, ಮೋಹನ್ ಬಾಗನ್ ಅಂಗಳದಲ್ಲೇ. ಎರಡನೇ ಶನಿವಾರ, ರಜೆ ಇತ್ತು, ಆದರೆ ಕೋಲ್ಕತ್ತಕ್ಕೆ ಕೆಂಪು ಬಸ್ ಇಲ್ಲ. ಮನೆಯಲ್ಲೇ ನೋಡಿದೆವು. ನಮ್ಮ ಪರದೆಯ ಮೇಲೆ ಬರುವ ಆಟ ನಿಜವಾದ ಆಟಕ್ಕಿಂತ ಅರ್ಧ ನಿಮಿಷ ಹಿಂದೆ ಓಡುತ್ತಿತ್ತು. 49ನೇ ನಿಮಿಷದಲ್ಲಿ ಅವರ ಆಲ್ಬರ್ಟೊ ರೋಡ್ರಿಗಸ್ ಸೇಮ್‌ಸೈಡ್ ಗೋಲು ಕೊಟ್ಟಾಗ ಮಗಳ ಮೊಬೈಲಿಗೆ ಮೊದಲೇ ಸಂದೇಶ ಬಂದಿತ್ತು. ಅವಳು ಕುರ್ಚಿಯಿಂದ ಎದ್ದಳು, ಆಮೇಲೆ ಪರದೆಯ ಮೇಲೆ ಗೋಲಾಯಿತು. ಇದು ಚೆನ್ನಾಗಿಲ್ಲ, ಮೊಬೈಲ್ ಆಫ್ ಮಾಡು ಎಂದೆ. ಮಾಡಲಿಲ್ಲ. 72ನೇ ನಿಮಿಷದಲ್ಲಿ ಕಮಿಂಗ್ಸ್ ಪೆನಾಲ್ಟಿಯಿಂದ ಸಮ ಮಾಡಿದರು. ಹೆಚ್ಚುವರಿ ಅವಧಿ ಶುರುವಾಯಿತು. ಹೆಂಡತಿ ತಟ್ಟೆಗಳನ್ನು ತಂದಿಟ್ಟು, ಮುದ್ದೆ ಆರುತ್ತದೆ ಎಂದಳು. ಪರದೆಯಲ್ಲಿ ಚೆಂಡು ಇನ್ನೂ ನಡುಮೈದಾನದಲ್ಲಿತ್ತು. ಮಗಳು ಮೊಬೈಲನ್ನು ನೋಡಿ, ಅದನ್ನು ಮೆಲ್ಲಗೆ ಬೋರಲು ಹಾಕಿ ಚಾಪೆಯ ಮೇಲಿಟ್ಟಳು. ನನ್ನ ಕಡೆ ನೋಡಲಿಲ್ಲ. ನಾನು ಪರದೆಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. 96ನೇ ನಿಮಿಷ, ಮ್ಯಾಕ್ಲಾರೆನ್, 2–1.

ಅದಾದ ಮೇಲಿನ ದಿನಗಳು ಚೆನ್ನಾಗಿರಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ತಂಡದ ಸಂಭ್ರಮಾಚರಣೆಯ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಮೆಟ್ರೊದಿಂದ ಇಳಿದು ನಾವು ಪ್ರತಿ ಸಲ ಹಾದುಹೋಗುತ್ತಿದ್ದ ಜಾಗ ಅದು. ಸತ್ತವರಲ್ಲಿ ಮಗಳ ವಯಸ್ಸಿನವರಿದ್ದರು. ಆ ಸಂಜೆ ಹೆಂಡತಿ ಟಿವಿ ಆರಿಸಿ, ನೀಲಿ ಶಾಲನ್ನು ಬೀರುವಿನ ಮೇಲಿನ ಖಾನೆಗೆ ಹಾಕಿದಳು. ನಾವಿಬ್ಬರೂ ಎದುರು ಮಾತನಾಡಲಿಲ್ಲ. ಜುಲೈ 11ರಂದು, ಮುಂದಿನ ಲೀಗನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ ಎಂಬ ಸುದ್ದಿ ಬಂತು. ಫೆಡರೇಷನ್ ಮತ್ತು ಲೀಗ್ ನಡೆಸುವವರ ನಡುವಿನ ಒಪ್ಪಂದ ಡಿಸೆಂಬರ್‌ನಲ್ಲಿ ಮುಗಿಯಲಿತ್ತು, ನವೀಕರಣವಾಗಿರಲಿಲ್ಲ. ಸಾಲದ ನವೀಕರಣ ನೋಡಿದವನಿಗೆ ಇದರ ಸಂಕಟ ಅರ್ಥವಾಗುತ್ತದೆ, ಕಾಯುವುದು ಮಾತ್ರ ಕಷ್ಟ.

ಆ ದಿನಗಳಲ್ಲೊಮ್ಮೆ ಮೈಸೂರಿಗೆ ಹೋಗಬೇಕಾಗಿ ಬಂದು ರೈಲ್ವೆ ನಿಲ್ದಾಣದ ಹತ್ತಿರ ಸ್ಕೂಟರ್ ಬಿಟ್ಟೆ. ಸ್ಟ್ಯಾಂಡಿನವನು ಚೀಟಿ ಹರಿಯುತ್ತಾ, ‘ಎಲ್ಲಿ ಸಾರ್, ಮಗಳು ಬಂದಿಲ್ಲ? ಮ್ಯಾಚ್ ಇಲ್ಲವಾ?’ ಎಂದ. ಯಾವಾಗ ಶುರುವಾಗುತ್ತದೋ ಗೊತ್ತಿಲ್ಲ ಎಂದೆ. ಚೀಟಿಯ ಹಿಂದೆ ತನ್ನ ಮೊಬೈಲ್ ನಂಬರ್ ಗೀಚಿ ಕೊಟ್ಟ. ‘ಹೋಗುವ ದಿನ ಒಂದು ಫೋನ್ ಮಾಡಿ ಸಾರ್. ಗೇಟಿನ ಹತ್ತಿರವೇ ಜಾಗ ಇಟ್ಟಿರುತ್ತೇನೆ, ರಾತ್ರಿ ನನ್ನನ್ನು ಎಬ್ಬಿಸುವುದಕ್ಕೂ ನಿಮಗೆ ಸುಲಭ.’